ನೀರುಬಾಗಿಲ ಹತ್ತಿರ ಹೇಳಿದ ಕಥೆ

ಫೆಬ್ರವರಿ 12

ತಮ್ಮಾ,

ಮೊನ್ನೆ ಸಂಜೆ ನಮ್ಮ ಬಸ್ಸು ಸೇತುವೆ ದಾಟುವವರೆಗೂ ನೀನು ಕೆಂಪು ಛತ್ರಿ ಎತ್ತಿ ಹಿಡಿದುಕೊಂಡೇ ನಿಂತಿದ್ದೆ. ಹಿಂದಿನ ಸೀಟಿನ ಕಿಟಕಿಯಿಂದ ನೋಡುತ್ತಲೇ ಇದ್ದೆ. ಹದಿನೇಳು ವರ್ಷದಿಂದ ಆ ಕೋಟೆ ಊರಿನಲ್ಲಿ ಜನರನ್ನು ನಡೆಸಿಕೊಂಡು ಹೋಗುವ ಕೆಲಸ ಮಾಡುತ್ತಿದ್ದೀಯ, ನಾನು ಅದನ್ನು ಕಣ್ಣಾರೆ ನೋಡಿದ್ದು ಈಗಲೇ. ನಮ್ಮ ಆಸ್ಪತ್ರೆಯವರು ಮೂವತ್ತೆರಡು ಜನ, ಒಬ್ಬರ ಮಾತು ಒಬ್ಬರು ಕೇಳುವವರಲ್ಲ. ಅಂಥವರನ್ನು ಎರಡೂವರೆ ಗಂಟೆ ಮಂದೆಯ ಹಾಗೆ ಹಿಂದೆ ಹಾಕಿಕೊಂಡು ಹೋದೆಯಲ್ಲ, ನನಗೆ ಹೆಮ್ಮೆಯಾಯಿತು. ಅವತ್ತು ಎದುರಿಗೆ ಹೇಳುವುದಕ್ಕೆ ಸಂಕೋಚವಾಯಿತು, ಈಗ ಬರೆಯುತ್ತಿದ್ದೇನೆ.

ಹಿಮ್ಮಡಿಯಲ್ಲಿ ಗುಳ್ಳೆ ಎದ್ದಿದೆ. ಹೊಸ ಚಪ್ಪಲಿ ಬೇಡ ಎಂದು ನೀನು ಬರೆದಿದ್ದೆ, ನಾನು ಕೇಳಲಿಲ್ಲ. ಆ ಗುಂಡುಕಲ್ಲಿನ ಬೀದಿಗಳಲ್ಲಿ ನಾನು ಹಿಂದೆ ಬೀಳುತ್ತಿದ್ದದ್ದು ಅದಕ್ಕೇ. ಆದರೂ ನೋಡಬೇಕಾದ್ದನ್ನೆಲ್ಲ ನೋಡಿದೆ. ಬಾವಿಯ ಕಟ್ಟೆಯಲ್ಲಿ ಹಗ್ಗ ಉಜ್ಜಿ ಉಜ್ಜಿ ಬಿದ್ದ ಗೀರುಗಳಿಗೆ ಬೆರಳಿಟ್ಟು ನೋಡಿದೆ. ಬಣ್ಣಗಾರರ ಓಣಿಯ ಗೋಡೆಯಲ್ಲಿ ಹೊಳೆ ಯಾವ ವರ್ಷ ಎಲ್ಲಿಯವರೆಗೆ ಬಂದಿತ್ತು ಎಂದು ಗೆರೆ ಕೊರೆದಿದ್ದಾರಲ್ಲ, ಅದರಲ್ಲೊಂದು ನನ್ನ ತಲೆಗಿಂತ ಎತ್ತರ.

ಕೊನೆಗೆ ಹೊಳೆಗೆ ತೆರೆಯುವ ನೀರುಬಾಗಿಲ ಹತ್ತಿರ ನೀನು ಅಮ್ಮನ ಹಾಗೆ ನಿಂತೆ. ತಲೆಯನ್ನು ಎಡಕ್ಕೆ ವಾಲಿಸಿ, ಕಿವಿಯ ಹಿಂದೆ ಅಂಗೈ ಇಟ್ಟು, ಕಿರುಬೆರಳನ್ನು ಮಾತ್ರ ದೂರ ನಿಲ್ಲಿಸಿ. ದಿನವಿಡೀ ಅಂಗಿಗಳಿಗೆ ಗುಂಡಿ ಹೊಲಿದು ಹೊಲಿದು ಅವಳ ಆ ಬೆರಳು ಮಡಚುತ್ತಲೇ ಇರಲಿಲ್ಲ. ಅದನ್ನು ನೀನು ಮರೆತಿಲ್ಲ. ಅಷ್ಟು ಜನರ ಮುಂದೆ ಅವಳನ್ನು ನೆನೆದೆ, ಎಲ್ಲರೂ ನಕ್ಕರು, ನಾನೂ ನಕ್ಕೆ, ಕಣ್ಣಲ್ಲಿ ನೀರೂ ಬಂತು. ಆದರೆ ನಾನು ಹಿಂದೆ ಇದ್ದೆ. ಹೊಳೆಯ ಕಡೆಯಿಂದ ಗಾಳಿ ಬೀಸುತ್ತಿತ್ತು, ನಿನ್ನ ಮಾತು ನನ್ನವರೆಗೆ ಬರಲಿಲ್ಲ. ಅಮ್ಮನ ಬಗ್ಗೆ ಏನು ಹೇಳಿದೆ? ಬರೆದು ಕಳಿಸು. ಚಿಕ್ಕಮ್ಮನಿಗೂ ಓದಿ ಹೇಳುತ್ತೇನೆ. ಹಾಸಿಗೆ ಹಿಡಿದ ಮೇಲೆ ಅವಳಿಗೆ ತನ್ನ ಅಕ್ಕನ, ನಮ್ಮಮ್ಮನ ಮಾತೇ ಮಾತು.

ನಿನ್ನ ಅಕ್ಕ


ಫೆಬ್ರವರಿ 20

ಅಕ್ಕನಿಗೆ,

ನಿನ್ನ ಕಾಗದ ಬಂತು. ಗುಳ್ಳೆಯನ್ನು ಒಡೆಯಬೇಡ, ತಾನಾಗಿಯೇ ಒಣಗುತ್ತದೆ. ಈ ಕಲ್ಲುಗಳ ಮೇಲೆ ನನ್ನ ಚಪ್ಪಲಿಯೇ ಆರು ತಿಂಗಳು ಬಾಳುವುದಿಲ್ಲ.

ಇಲ್ಲಿ ಗಾಳಿ ಇನ್ನೂ ಜೋರಾಗಿದೆ. ಹೊರಗೋಡೆಯ ಮೇಲಿನ ಓಡಾಟ ಒಂದು ವಾರ ನಿಲ್ಲಿಸಿದ್ದರು. ಕೆಲಸದ ಒತ್ತಡ, ಉದ್ದ ಬರೆಯಲು ಆಗುತ್ತಿಲ್ಲ. ನೀನು ಕೇಳಿದ್ದು ಅಂಥ ದೊಡ್ಡ ವಿಷಯವೇನಲ್ಲ. ಬಂದವರಿಗೆ ಬೇಜಾರಾಗಬಾರದು ಎಂದು ನಾವು ಏನೇನೋ ಹೇಳುತ್ತಿರುತ್ತೇವೆ.

ಎರಡು ಸಲ ಫೋನ್ ಮಾಡಿದೆ, ನೀನು ಎತ್ತಲಿಲ್ಲ. ನನ್ನ ಮೇಲೆ ಏನಾದರೂ ಕೋಪವೇ? ಇದ್ದರೆ ನೇರವಾಗಿ ಬೈದುಬಿಡು, ನಿನಗೆ ಅದು ಹೊಸದಲ್ಲ.

ತಮ್ಮ


ಮಾರ್ಚ್ 2

ತಮ್ಮಾ,

ಕೋಪ ಯಾಕೆ? ದಿನಕ್ಕೆ ಎಂಟು ಗಂಟೆ ಆಸ್ಪತ್ರೆಯ ಟೆಲಿಫೋನ್ ಬೋರ್ಡಿನ ಮುಂದೆ ಕೂತು "ಯಾವ ವಾರ್ಡ್ ಬೇಕು, ಯಾವ ಡಾಕ್ಟರು ಬೇಕು" ಎಂದು ಕೇಳುವವಳು ನಾನು. ಮನೆಗೆ ಬಂದ ಮೇಲೂ ಆ ಯಂತ್ರವನ್ನು ಕಿವಿಗೆ ಒತ್ತಿಕೊಳ್ಳಬೇಕೆ? ಕಾಗದವೇ ವಾಸಿ. ಮಿಠಾಯಿ ಅಂಗಡಿಯವನಿಗೆ ಮಿಠಾಯಿ ಸೇರುತ್ತದೆಯೇ, ಹಾಗೆ ಅಂದುಕೋ.

ನಿನ್ನದು ಯಾಕೋ ಬಿಗುಮಾನ ಜಾಸ್ತಿಯಾಯಿತು. ಸಣ್ಣವನಿದ್ದಾಗ ನಿನ್ನ ಬಾಯಿ ಮುಚ್ಚಿಸುವುದಕ್ಕೆ ಚಿಕ್ಕಮ್ಮ ಬಾಯಿಗೆ ಅಮ್ಮನ ದಾರದುಂಡೆ ತುರುಕುತ್ತೇನೆ ಎಂದು ಹೆದರಿಸುತ್ತಿದ್ದಳು. ಅಂಥ ಮಾತಿನಮಲ್ಲ ಈಗ ನಾಲ್ಕು ಸಾಲು ಬರೆಯಲು ಒದ್ದಾಡುತ್ತಿದ್ದೀಯ. ಚಿಕ್ಕಮ್ಮ ಪ್ರತಿ ಭಾನುವಾರ ಕೇಳುತ್ತಾಳೆ, "ಅಕ್ಕನ ಬಗ್ಗೆ ಅವ್ನು ಏನ್ ಹೇಳ್ದ? ಕಾಗ್ದ ಬಂತಾ?" ಎಂದು. ಇನ್ನೊಂದು ಸಲ ಬಂದಿಲ್ಲ ಎಂದು ಹೇಳಲು ನನ್ನಿಂದಾಗುವುದಿಲ್ಲ.

ಇಲ್ಲಿ ಕೆಲಸದಲ್ಲಿ ಒಂದು ಎಡವಟ್ಟಾಯಿತು. ಹದಿಮೂರನೇ ವಾರ್ಡಿಗೆ ಡಾಕ್ಟರನ್ನು ಕಳಿಸಿ ಎಂದು ಕರೆ ಬಂದಿತ್ತು, ಡಾಕ್ಟರು ಹದಿನಾರಕ್ಕೆ ಹೋದರು. ಹದಿಮೂರರಲ್ಲಿ ಒಬ್ಬಳು ಹೆಂಗಸು ಅರ್ಧ ಗಂಟೆ ಉಸಿರಿಗೆ ಒದ್ದಾಡಿದಳಂತೆ. ಈಗ ಹುಷಾರಾಗಿದ್ದಾಳೆ. ಪಕ್ಕದ ಬೋರ್ಡಿನ ಕನ್ನಡಕದಕ್ಕನಿಗೆ ಎಚ್ಚರಿಕೆಯ ಪತ್ರ ಕೊಟ್ಟರು. ಕರೆ ಬಂದದ್ದು ಅವರ ಬೋರ್ಡಿಗೆ ಎಂದು ರಿಜಿಸ್ಟರಿನಲ್ಲಿತ್ತು. ನಿವೃತ್ತಿಗೆ ಎರಡು ವರ್ಷ ಇರುವವರು, ಪಾಪ. ಇರಲಿ.

ಬೇಗ ಬರೆ.

ಅಕ್ಕ


ಮಾರ್ಚ್ 11

ಅಕ್ಕನಿಗೆ,

ಕೇಳಿದೆಯಲ್ಲ, ಹೇಳುತ್ತೇನೆ.

ಹಿಂದೆ ಶತ್ರುಗಳು ಹೊಳೆಯ ಆಚೆ ದಡದಲ್ಲಿ ಬಿಡಾರ ಹೂಡಿದ್ದಾಗ ನೀರುಬಾಗಿಲನ್ನು ಕಾಯುತ್ತಿದ್ದವನು ಜ್ವರ ಬಂದು ಮಲಗಿದ. ಅವನ ಹೆಂಡತಿ ಬಾಗಿಲ ಬಳಿ ಕೂತಳು. ನಮ್ಮಮ್ಮನ ಹಾಗೆಯೇ ಅವಳಿಗೂ ಕಿವಿ ಕೇಳುತ್ತಿರಲಿಲ್ಲ. ಎಲ್ಲರೂ ಇವಳೇನು ಕಾಯುತ್ತಾಳೆ ಎಂದು ಆಡಿಕೊಂಡರು. ಆದರೆ ಬರಿಗಾಲಲ್ಲಿ ಹಾಸುಗಲ್ಲಿನ ಮೇಲೆ ನಿಂತಿದ್ದ ಅವಳಿಗೆ, ಸೇತುವೆಯ ಮೇಲೆ ಕುದುರೆಗಳು ಬರುತ್ತಿರುವುದು ಅಂಗಾಲಿನಿಂದಲೇ ಗೊತ್ತಾಯಿತು. ಕಿವಿ ಇದ್ದವರಿಗೆ ಏನೂ ಕೇಳಿಸುವ ಮೊದಲೇ ಅವಳು ಅಗುಳಿ ಜಡಿದಳು. ಊರು ಉಳಿಯಿತು. ಅವಳು ಹೀಗೆ ತಲೆ ವಾಲಿಸಿ ನಿಲ್ಲುತ್ತಿದ್ದಳು ಎಂದು ಹೇಳಿ ನಾನು ಅಮ್ಮನ ಹಾಗೆ ನಿಂತು ತೋರಿಸುತ್ತೇನೆ. ಜನ ನಗುವುದು ಖುಷಿಗೆ.

ಇಷ್ಟೇ. ಚಿಕ್ಕಮ್ಮನಿಗೆ ನನ್ನ ನಮಸ್ಕಾರ ತಿಳಿಸು.

ತಮ್ಮ


ಮಾರ್ಚ್ 19

ತಮ್ಮಾ,

ನಿನ್ನ ಕಾಗದವನ್ನು ಚಿಕ್ಕಮ್ಮನಿಗೆ ಮೂರು ಸಲ ಓದಿದೆ. ಮೊದಲನೇ ಸಲ ಇನ್ನೊಮ್ಮೆ ಓದು ಎಂದಳು. ಎರಡನೇ ಸಲ ಅತ್ತಳು. ಮೂರನೇ ಸಲ ಓದುವಾಗ ನನ್ನನ್ನು ತಡೆದು, "ಅಂಗಾಲಿನ ಮಾತು ನಿಜ ಕಣೇ. ಬಾಗ್ಲು ತಟ್ಟಿದ್ರೆ ಅಕ್ಕಂಗೆ ನೆಲದಲ್ಲೇ ಗೊತ್ತಾಗ್ತಿತ್ತು. ಅವ್ನು ಅದನ್ನ ಹೇಗೆ ನೆನ್ಪಿಟ್ಕೊಂಡ?" ಎಂದು ಕೇಳಿದಳು. ಈಗ ನೋಡಲು ಬಂದವರಿಗೆಲ್ಲ ಹೇಳುತ್ತಿದ್ದಾಳೆ, ನಮ್ಮ ಹುಡುಗ ನಮ್ಮಕ್ಕನನ್ನು ಕೋಟೆ ಕಾದವಳನ್ನಾಗಿ ಮಾಡಿದ್ದಾನೆ ಎಂದು. ಕಾಗದ ಅವಳ ದಿಂಬಿನ ಕೆಳಗಿದೆ. ನನಗೂ ವಾಪಸು ಕೊಡಲಿಲ್ಲ.

ನಾಳೆ ಊಟದ ಹೊತ್ತಿನಲ್ಲಿ ಕನ್ನಡಕದಕ್ಕನಿಗೂ ಹೇಳಬೇಕು. ಎಚ್ಚರಿಕೆ ಪತ್ರ ಬಂದಾಗಿನಿಂದ ಅವರ ಮುಖ ಸಪ್ಪಗಿದೆ. ಅವತ್ತು ಅವರು ನಿನ್ನ ಪಕ್ಕದಲ್ಲೇ ನಿಂತು ಕೇಳುತ್ತಿದ್ದರು.

ಅಕ್ಕ


ಮಾರ್ಚ್ 25

ಅಕ್ಕಾ,

ಚಿಕ್ಕಮ್ಮನ ದಿಂಬಿನ ಕೆಳಗಿರುವುದು ಸುಳ್ಳು. ಅವತ್ತು ನಾನು ಹೇಳಿದ್ದು ಅದಲ್ಲ.

ನಿನ್ನ ಮೊದಲ ಕಾಗದ ಬಂದಾಗ ನೀನು ಚುಚ್ಚುತ್ತಿದ್ದೀಯ ಎಂದುಕೊಂಡೆ. ಎಲ್ಲವನ್ನೂ ಕೇಳಿಸಿಕೊಂಡು, ಏನೂ ಕೇಳಿಸದವಳ ಹಾಗೆ ನಟಿಸಿ, ನನ್ನ ಬಾಯಿಂದಲೇ ಬರಲಿ ಎಂದು ಕಾಯುತ್ತಿದ್ದೀಯ ಎಂದುಕೊಂಡೆ. ಎರಡನೇ ಕಾಗದ ಓದಿದಾಗ, ನಿಜವಾಗಿಯೂ ನಿನಗೆ ಗೊತ್ತಿಲ್ಲ ಎಂದು ತಿಳಿಯಿತು. ಸಮಾಧಾನವಾಯಿತು ಅಕ್ಕಾ. ಆ ಸಮಾಧಾನಕ್ಕೇ ಮೊದಲು ನಾಚಿಕೆಪಡಬೇಕಿತ್ತು. ಅದರ ಬದಲು ಕೂತು ಅಂಗಾಲು, ಕುದುರೆ, ಅಗುಳಿ ಎಂದು ಹೊಸೆದೆ. ಅಂಗಾಲಿನ ಮಾತು ಅಮ್ಮನ ವಿಷಯದಲ್ಲಿ ನಿಜ ಎಂದು ನನಗೆ ಗೊತ್ತೇ ಇರಲಿಲ್ಲ. ಕಥೆ ಚೆನ್ನಾಗಿ ಕೂರಲಿ ಎಂದು ಬರೆದೆ, ಅಷ್ಟೇ.

ನಿಜ ಇದು. ನಾಲ್ಕು ವರ್ಷದ ಹಿಂದೆ ಯಾವುದೋ ಕಚೇರಿಯವರನ್ನು ಕರೆದುಕೊಂಡು ಹೋಗುತ್ತಿದ್ದೆ. ಚಳಿ, ಎಲ್ಲರೂ ಆಕಳಿಸುತ್ತಿದ್ದರು. ನೀರುಬಾಗಿಲು ಬರುವ ಹೊತ್ತಿಗೆ ಅರ್ಧ ಜನ ಗೋಡೆಗೆ ಒರಗಿ ಗಡಿಯಾರ ನೋಡುತ್ತಿದ್ದರು. ಆ ಬಾಗಿಲಿಗೆ ಹೇಳಿಕೊಳ್ಳುವಂಥ ಕಥೆಯೇ ಇಲ್ಲ. ಮೀನಿನ ಬುಟ್ಟಿಗಳು ಬರುತ್ತಿದ್ದವು, ಹೋಗುತ್ತಿದ್ದವು, ಅಷ್ಟೇ. ಆಗ ನನ್ನ ಬಾಯಿಗೆ ಒಂದು ಮಾತು ಬಂತು. "ಇಲ್ಲಿ ಕಾವಲಿದ್ದವಳು ಒಬ್ಬಳು ಕೆಪ್ಪಿ" ಎಂದೆ. ಓದುವವಳು ನೀನು ಎಂದು ಗೊತ್ತಿದ್ದೂ ಆ ಶಬ್ದವನ್ನು ಹಾಗೆಯೇ ಬರೆಯುತ್ತಿದ್ದೇನೆ. ಗೋಡೆಯ ಮೇಲಿಂದ ಸೈನಿಕ ಕೂಗುತ್ತಾನೆ, "ಶತ್ರು ಬಂದ್ರು". ಇವಳು ಕಿವಿಗೆ ಕೈ ಇಟ್ಟು, "ಆಂ? ಅತ್ತೆ ಬಂದ್ರಾ? ಬರ್ಲಿ ಬರ್ಲಿ" ಎಂದು ಬಾಗಿಲು ಹಾರುಹೊಡೆಯುತ್ತಾಳೆ. ಅಮ್ಮನ ಧ್ವನಿಯಲ್ಲಿ ಹೇಳಿದೆ. ಏರಿಳಿತವಿಲ್ಲದ ಆ ದೊಡ್ಡ ಧ್ವನಿಯಲ್ಲಿ. ಆಕಳಿಸುತ್ತಿದ್ದವರು ಹೊಟ್ಟೆ ಹಿಡಿದುಕೊಂಡು ನಕ್ಕರು.

ಮಾರನೇ ದಿನ ಮತ್ತೆ ಹೇಳಿದೆ. ಆಮೇಲೆ ಜನ ಅದನ್ನೇ ಕೇಳಿಕೊಂಡು ಬರತೊಡಗಿದರು. ನಮ್ಮ ಕಚೇರಿಯ ಕೈಪತ್ರದಲ್ಲಿ ಈಗ ಅದಕ್ಕೆ ಕೆಪ್ಪಿಯ ಬಾಗಿಲು ಎಂದೇ ಅಚ್ಚಾಗಿದೆ. ಉಳಿದ ಗೈಡುಗಳೂ ನನ್ನಿಂದ ಕಲಿತು ಹೇಳುತ್ತಾರೆ.

ನೀವು ಬರುವ ಹಿಂದಿನ ದಿನ, ನಾಳೆ ಇದನ್ನು ಹೇಳುವುದು ಬೇಡ ಎಂದು ತೀರ್ಮಾನಿಸಿದ್ದೆ. ಆದರೆ ಬಾಗಿಲ ಹತ್ತಿರ ಬರುತ್ತಿದ್ದ ಹಾಗೆ ನಿಮ್ಮವರಲ್ಲೇ ಒಬ್ಬರು, "ಆ ಕೆಪ್ಪಿ ಕಥೆ ಹೇಳಿ ಸಾರ್, ನಮ್ಮ ಮನೆಯವ್ರು ಹೇಳ್ತಿದ್ರು" ಎಂದರು. ನೀನು ಹಿಂದೆ ಇದ್ದೆ. ನಾನು ಒಂದು ಕ್ಷಣ ನಿನ್ನ ಕಡೆ ನೋಡಿದೆ, ಆಮೇಲೆ ಹೇಳಿದೆ. ನನ್ನ ಅಕ್ಕನ ಎದುರಿಗೆ ಮೂವತ್ತೊಂದು ಜನರನ್ನು ನಗಿಸಿದರೆ ನನ್ನ ಮೇಲೆ ಅವಳಿಗೆ ಗೌರವ ಬಂದೀತು ಎಂದು ಒಳಗೆಲ್ಲೋ ಆಸೆಯಿತ್ತು. ಕಣ್ಣೆತ್ತಿ ನೋಡಿದರೆ ನೀನು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟುತ್ತಿದ್ದೆ.

ಇನ್ನು ಆ ಕಥೆ ಹೇಳುವುದಿಲ್ಲ. ಇದನ್ನು ಬರೆದು ನಿನ್ನಿಂದ ಏನನ್ನೂ ಕೇಳುತ್ತಿಲ್ಲ. ಚಿಕ್ಕಮ್ಮನಿಗೆ ಹೇಳುವುದೋ ಬಿಡುವುದೋ ನಿನಗೆ ಸೇರಿದ್ದು. ನನಗೆ ಆ ಧೈರ್ಯವಿಲ್ಲ.

ತಮ್ಮ


ಏಪ್ರಿಲ್ 22

ಅಕ್ಕಾ,

ಕಾಗದ ತಲುಪಿತೇ? ಬೈದು ಒಂದು ಸಾಲು ಬರೆ, ಸಾಕು.

ತಮ್ಮ


ಮೇ 29

ಅಕ್ಕಾ,

ನಮ್ಮ ಮೇಲ್ವಿಚಾರಕರ ಹತ್ತಿರ ಹೋಗಿ ಆ ಕಥೆಯನ್ನು ಕೈಪತ್ರದಿಂದ ತೆಗೆಯಿರಿ ಎಂದೆ. "ಇಡೀ ನಡಿಗೇಲಿ ಜನ ನೆನ್ಪಿಟ್ಕೊಳ್ಳೋದೇ ಅದೊಂದು ಕಣ್ರಿ. ನೀವೇ ಕಟ್ಟಿದ್ದು, ಈಗ ನೀವೇ ಬೇಡ ಅಂತೀರಿ. ಏನಾಯ್ತು ನಿಮ್ಗೆ?" ಎಂದರು. ಈಗ ನನ್ನ ಗುಂಪಿನವರನ್ನು ಉತ್ತರದ ಬುರುಜಿನಿಂದಲೇ ವಾಪಸು ಕರೆತರುತ್ತೇನೆ. ನೀರುಬಾಗಿಲಿಗೆ ಬೇರೆಯವರು ಹೋಗುತ್ತಾರೆ.

ಇದನ್ನು ನಿನ್ನ ಮೆಚ್ಚುಗೆಗೆ ಬರೆದದ್ದಲ್ಲ.

ತಮ್ಮ


ಜೂನ್ 30

ತಮ್ಮಾ,

ನಿನ್ನ ಮೂರೂ ಕಾಗದಗಳು ನನ್ನ ಮುಂದಿವೆ. ಮೂರು ತಿಂಗಳು ಬರೆಯಲಿಲ್ಲ. ನಿನ್ನ ಮೇಲಿನ ಸಿಟ್ಟಿಗೆ ಎಂದು ನೀನು ತಿಳಿದಿರುತ್ತೀಯ. ಸಿಟ್ಟಿತ್ತು. ಆದರೆ ಬರೆಯದೇ ಇದ್ದದ್ದು ಅದಕ್ಕಲ್ಲ.

ನಿನ್ನ ದೊಡ್ಡ ಕಾಗದ ಬರುವುದಕ್ಕೆ ವಾರದ ಮುಂಚೆಯೇ ನನಗೆ ವಿಷಯ ಗೊತ್ತಾಗಿತ್ತು. ಊಟದ ಹೊತ್ತಿನಲ್ಲಿ ನಾನು ಕನ್ನಡಕದಕ್ಕನ ಎದುರು ಕೂತು ಅಂಗಾಲಿನ ಕಥೆ ಹೇಳಿದೆ. ಅವರು ಡಬ್ಬಿಯ ಮುಚ್ಚಳ ಹಾಕಿದರು. ನಾನು ಅವರ ಮುಖಕ್ಕೆ ಹತ್ತಿರ ಬಾಗಿದೆ. "ಹಾಗೇನೂ ಹೇಳ್ಲಿಲ್ವಲ್ಲ ನಿಮ್ಮ ತಮ್ಮ" ಎಂದರು. ನೀನು ಹೇಳಿದ್ದನ್ನು ಮೆಲ್ಲಗೆ, ನನ್ನ ಮನಸ್ಸಿಗೆ ನೋವಾಗದ ಹಾಗೆ ಹೇಳಿದರು. ಆಮೇಲೆ ಕೇಳಿದರು, "ನೀವೂ ಅಲ್ಲೇ ಇದ್ರಿ, ಚಪ್ಪಾಳೆ ತಟ್ಟಿದ್ರಿ. ನಿಮ್ಗೆ ಕೇಳಿಸ್ಲಿಲ್ವಾ?"

ನಾನು ಗಾಳಿ ಎಂದೆ. ಅವರು ನನ್ನನ್ನೇ ನೋಡಿದರು. ಹದಿಮೂರು, ಹದಿನಾರು. ಅವರ ಕಣ್ಣಲ್ಲಿ ಆ ಎರಡು ಸಂಖ್ಯೆಗಳು ಒಂದರ ಪಕ್ಕ ಒಂದು ಬಂದು ಕೂತದ್ದು ನನಗೆ ಕಾಣಿಸಿತು. ಎದ್ದು ಡಬ್ಬಿ ತೊಳೆಯಲು ಹೋದರು. ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು.

ನನಗೆ ಕಿವಿ ಹೋಗುತ್ತಿದೆ ತಮ್ಮಾ. ಮೂರು ವರ್ಷವಾಯಿತು. ಬಲಗಿವಿ ಪೂರ್ತಿ ಹೋಗಿದೆ, ಎಡಗಿವಿಯಲ್ಲಿ ಅರ್ಧ ಇದೆ. ಅಮ್ಮನಿಗೆ ಬಂದದ್ದೇ ನನಗೂ ಬಂದಿದೆ. ನೀನು ಫೋನ್ ಮಾಡಿದರೆ ಎತ್ತದೇ ಇದ್ದದ್ದು ಅದಕ್ಕೆ. ದಿನಕ್ಕೆ ಎಂಟು ಗಂಟೆಯ ಮಾತು, ಮಿಠಾಯಿ ಅಂಗಡಿ, ಎಲ್ಲ ಮುಚ್ಚಿಡಲು ಹೇಳಿದ್ದು. ನೀರುಬಾಗಿಲ ಹತ್ತಿರ ಗಾಳಿ ಇತ್ತು, ಆದರೆ ನಿನ್ನ ಮಾತು ನನಗೆ ಕೇಳಿಸದೇ ಇದ್ದದ್ದು ಅದರಿಂದಲ್ಲ. ಎಲ್ಲರೂ ನಕ್ಕರು, ನಾನೂ ನಕ್ಕೆ. ಕಿವಿ ಕೇಳಿಸದವರು ಮೊದಲು ಕಲಿಯುವುದೇ ಅದು. ಗುಂಡಿ ಹೊಲಿಯುವ ಅಂಗಡಿಯಲ್ಲಿ ಅಮ್ಮ ಹೀಗೆಯೇ ನಗುತ್ತಿದ್ದಳು, ಅಲ್ಲಿಯವರು ನಗುತ್ತಿದ್ದದ್ದು ಅವಳನ್ನು ನೋಡಿಯೇ.

ಹದಿಮೂರನ್ನು ಹದಿನಾರೆಂದು ಕೇಳಿಸಿಕೊಂಡು ಆ ಕರೆ ತೆಗೆದುಕೊಂಡದ್ದು ನಾನು. ಕನ್ನಡಕದಕ್ಕ ನೀರು ಕುಡಿಯಲು ಎದ್ದಿದ್ದರು, ಅವರ ಬೋರ್ಡಿನ ದೀಪ ಹತ್ತಿತು, ನಾನು ಕೈ ಚಾಚಿ ಎತ್ತಿಕೊಂಡೆ. ವಿಚಾರಣೆಯಲ್ಲಿ ಅವರು, ಅಂಥ ಕರೆ ಬಂದ ನೆನಪೇ ನನಗಿಲ್ಲ ಎಂದರು. ವಯಸ್ಸಾಯಿತು, ಮರೆವು ಎಂದು ಬರೆದುಕೊಂಡರು. ನಾನು ಪಕ್ಕದ ಕುರ್ಚಿಯಲ್ಲಿದ್ದೆ. ಪಾಪ ಎಂದು ನಿನಗೆ ಬರೆದೆನಲ್ಲ, ಆ ಶಬ್ದ ನೆನೆದರೆ ಈಗಲೂ ಮೈ ಮುದುಡುತ್ತದೆ.

ಅವರು ಯಾರಿಗೂ ಹೇಳಲಿಲ್ಲ. ಒಂದು ವಾರ ಕಾದೆ, ಹೇಳಿದರೆ ಸಾಕು ಎಂದು. ಹೇಳಲಿಲ್ಲ. ಆಗ ನಿನ್ನ ಕಾಗದ ಬಂತು. ಆ ಕೆಟ್ಟ ಶಬ್ದವನ್ನು ನೀನು ಮರೆಮಾಚದೆ ಬರೆದಿದ್ದೆ. ಓದಿ ನಿನ್ನ ಮೇಲೆ ಕೂಗಾಡಬೇಕು ಎನ್ನಿಸಿತು, ಆದರೆ ಕೂಗಾಡುವ ಯೋಗ್ಯತೆ ನನ್ನಲ್ಲಿರಲಿಲ್ಲ. ನನ್ನ ತಪ್ಪು ಒಪ್ಪಿಕೊಳ್ಳುವುದಕ್ಕೂ ಎರಡು ತಿಂಗಳು ಹಿಡಿಯಿತು ನೋಡು. ಜೂನ್ ಮೊದಲ ವಾರ ಮುಖ್ಯಸ್ಥರ ಕೋಣೆಗೆ ಹೋಗಿ ಎಲ್ಲ ಹೇಳಿದೆ. ಅವರು ಏನೇನೋ ಕೇಳಿದರು, ಅರ್ಧ ನನಗೆ ತಿಳಿಯಲಿಲ್ಲ. ತಿಳಿಯಲಿಲ್ಲ ಎಂದೂ ಹೇಳಿದೆ, ಹಾಗೆ ಹೇಳಿದ್ದು ಅದೇ ಮೊದಲು. ಕನ್ನಡಕದಕ್ಕನ ಎಚ್ಚರಿಕೆ ಪತ್ರ ವಾಪಸು ತೆಗೆದುಕೊಂಡರು. ನನ್ನನ್ನು ನೆಲಮಾಳಿಗೆಯ ದಾಖಲೆ ಕೋಣೆಗೆ ಹಾಕಿದರು. ಹಳೆಯ ಕಡತಗಳ ಮಧ್ಯೆ ಕೂತಿದ್ದೇನೆ. ಇಲ್ಲಿ ಯಾರೂ ಮಾತಾಡಿಸುವುದಿಲ್ಲ, ಅದೊಂದು ನೆಮ್ಮದಿ.

ಉಸಿರಿಗೆ ಒದ್ದಾಡಿದ ಆ ಹೆಂಗಸನ್ನು ಹುಡುಕಿಕೊಂಡು ಹೋಗಬೇಕು ಎಂದಿದ್ದೇನೆ. ಇನ್ನೂ ಹೋಗಿಲ್ಲ.

ಚಿಕ್ಕಮ್ಮನಿಗೆ ನಿನ್ನ ವಿಷಯ ಹೇಳಿಲ್ಲ. ದಿಂಬಿನ ಕೆಳಗಿನ ಕಾಗದ ಅಲ್ಲೇ ಇದೆ.

ಅಕ್ಕ


ಜುಲೈ 8

ಅಕ್ಕಾ,

ನಿನ್ನ ಕಾಗದವನ್ನು ನಾಲ್ಕು ಸಲ ಓದಿದೆ. ಏನು ಬರೆದರೂ ಸರಿ ಕಾಣಿಸುತ್ತಿಲ್ಲ. ನಿನಗೆ ಕೇಳಿಸದು ಎಂದು ಗೊತ್ತಿದ್ದರೆ ಆ ಕಥೆ ಹೇಳುತ್ತಿದ್ದೆನೇ ಎಂದು ನನ್ನನ್ನೇ ಕೇಳಿಕೊಂಡೆ. ಗೊತ್ತಿದ್ದರೆ ಇನ್ನೂ ನಿಶ್ಚಿಂತೆಯಿಂದ ಹೇಳುತ್ತಿದ್ದೆನೇನೋ. ಇಷ್ಟು ಕೀಳು ಯೋಚನೆಯನ್ನು ನಿನಗಲ್ಲದೆ ಇನ್ಯಾರಿಗೆ ಬರೆಯಲಿ.

ಇಲ್ಲಿಗೆ ಬಾ. ಗುಂಪು ಬೇಡ. ನಾವಿಬ್ಬರೇ ನಡೆಯೋಣ. ಹಳೆಯ ಚಪ್ಪಲಿ ಹಾಕಿಕೊಂಡು ಬಾ.

ತಮ್ಮ


ಅಕ್ಟೋಬರ್ 16

ಅಕ್ಕಾ,

ನೀನು ಮನೆ ಮುಟ್ಟಿರುತ್ತೀಯ. ನೀನಿಲ್ಲಿದ್ದಾಗ ಬಾಯಲ್ಲಿ ಹೇಳಲಾಗದ್ದನ್ನು ಬರೆಯುತ್ತಿದ್ದೇನೆ.

ನಾನು ನೀರುಬಾಗಿಲು ಬಿಟ್ಟು ಬೇರೆ ದಾರಿ ಹಿಡಿದಾಗ ನೀನು ನಿಂತುಬಿಟ್ಟೆ. ಅಲ್ಲಿಗೇ ಹೋಗಬೇಕು ಎಂದು ಪಟ್ಟು ಹಿಡಿದೆ. ಹೋದೆವು. ಅಲ್ಲಿ ನನ್ನ ಜೊತೆಯ ಗೈಡು, ನಾವು ಉದ್ದಣ್ಣ ಎಂದು ಕರೆಯುವವನು, ಇಪ್ಪತ್ತು ಜನರನ್ನು ನಿಲ್ಲಿಸಿಕೊಂಡು ಅದೇ ಕಥೆ ಹೇಳುತ್ತಿದ್ದ. ಅವನು ಕಿವಿಗೆ ಕೈ ಇಟ್ಟ. ಜನ ನಕ್ಕರು. ನಾನು ಹೋಗಿ ತಡೆಯಬೇಕಿತ್ತು. ಹೋಗಲಿಲ್ಲ. ಅಷ್ಟರಲ್ಲಿ ನೀನು ಮಾತಾಡಿದೆ.

"ಹಾಗಲ್ಲ. ಕಿರುಬೆರಳು ದೂರ ಇರ್ಬೇಕು. ನಮ್ಮಮ್ಮ ಹಾಗೆ ಇಟ್ಕೊಳ್ತಿದ್ಲು."

ಎಷ್ಟು ಜೋರಾಗಿ ಹೇಳಿದೆ ಎಂದು ನಿನಗೆ ಗೊತ್ತಾಗಿರಲಿಕ್ಕಿಲ್ಲ. ಬಾಗಿಲ ಕಮಾನಿನೊಳಗೆಲ್ಲ ಕೇಳಿಸಿತು. ಧ್ವನಿ ಅಮ್ಮನದೇ. ಇಪ್ಪತ್ತು ಮುಖಗಳು ತಿರುಗಿದವು. ನಾನು ಪಕ್ಕಕ್ಕೆ ಒಂದು ಹೆಜ್ಜೆ ಸರಿದೆ, ಗೋಡೆಯ ಮೇಲಿನ ಏನನ್ನೋ ನೋಡುವವನ ಹಾಗೆ. ನೀನು ಯಾರೋ, ನಾನು ಯಾರೋ ಎನ್ನುವ ಹಾಗೆ. ಇಷ್ಟೆಲ್ಲ ಆದ ಮೇಲೂ, ಇಷ್ಟೆಲ್ಲ ಬರೆದುಕೊಂಡ ಮೇಲೂ.

ನೀನು ನನ್ನ ಕಡೆ ನೋಡಿದೆ. ಆಮೇಲೆ ನಾನು ವಾಪಸು ಬಂದು ನಿನ್ನ ತೋಳು ಹಿಡಿದುಕೊಂಡೆ. ಉದ್ದಣ್ಣನಿಗೆ ಹೇಳಿದ್ದು ನಿನಗೆ ಕೇಳಿಸಿತೋ ಇಲ್ಲವೋ, ಬರೆಯುತ್ತೇನೆ. "ಇವ್ಳು ನಮ್ಮಕ್ಕ. ಈ ಕಥೆ ಕಟ್ಟಿದ್ದು ನಾನು. ಹಾಗೆ ಕೈ ಇಟ್ಕೊಳ್ತಿದ್ದದ್ದು ನಮ್ಮಮ್ಮ" ಎಂದೆ. ಅವನ ಕೈ ಇನ್ನೂ ಕಿವಿಯ ಹತ್ತಿರವೇ ಇತ್ತು. ಕೆಳಗಿಳಿಸುವುದೋ ಬಿಡುವುದೋ ತಿಳಿಯದೆ ಹಾಗೆಯೇ ನಿಂತಿದ್ದ. ಗುಂಪಿನ ಮುದುಕರೊಬ್ಬರು ಟೋಪಿ ತೆಗೆದರು.

ನಿನ್ನೆ ಬೆಳಿಗ್ಗೆ ಉದ್ದಣ್ಣ ಬಂದು, "ಮತ್ತೆ ಅಲ್ಲಿ ಏನ್ ಹೇಳ್ಲಿ?" ಎಂದು ಕೇಳಿದ. ಮೀನಿನ ಬುಟ್ಟಿಗಳು ಬರುತ್ತಿದ್ದವು ಎಂದು ಹೇಳು ಎಂದೆ. ಅವನೇನೋ ಹಾಗೆ ಹೇಳುತ್ತಾನೆ, ಆದರೆ ಉಳಿದವರು ಹಳೆಯದನ್ನೇ ಹೇಳುತ್ತಾರೆ. ಬಿಟ್ಟ ಮಾತನ್ನು ಬೆನ್ನಟ್ಟಿ ಹಿಡಿಯಲು ನನ್ನಿಂದ ಆಗುತ್ತಿಲ್ಲ.

ಆದರೆ ನನ್ನನ್ನು ತಿನ್ನುತ್ತಿರುವುದು ಆ ಒಂದು ಹೆಜ್ಜೆ. ನೀನು ನೋಡಿದೆ ಎಂದು ನನಗೆ ಗೊತ್ತು. ಬಸ್ಸು ಹತ್ತುವವರೆಗೂ ಅದರ ಬಗ್ಗೆ ನೀನು ಚಕಾರ ಎತ್ತಲಿಲ್ಲ.

ತಮ್ಮ


ಅಕ್ಟೋಬರ್ 24

ತಮ್ಮಾ,

ನೋಡಿದೆ. ನೀನು ಸರಿದದ್ದನ್ನೂ ನೋಡಿದೆ, ವಾಪಸು ಬಂದದ್ದನ್ನೂ ನೋಡಿದೆ. ನಾನು ಸುಮ್ಮನಿದ್ದದ್ದಕ್ಕೆ ಬೇರೆ ಕಾರಣವಿದೆ. ಅದನ್ನು ಯಾರಿಗೂ ಹೇಳಿಲ್ಲ.

ಅಮ್ಮನ ಕಿವಿ ನಾನೇ ಆಗಿದ್ದೆ ಎಂದು ಚಿಕ್ಕಮ್ಮ ಹೇಳುತ್ತಿರುತ್ತಾಳೆ, ನೀನೂ ಹಾಗೆಯೇ ನಂಬಿದ್ದೀಯ. ನಾನು ಏಳನೇ ಕ್ಲಾಸಿನಲ್ಲಿದ್ದಾಗ ಒಂದು ದಿನ ಕಂಪಾಸು ಪೆಟ್ಟಿಗೆ ಮರೆತು ಶಾಲೆಗೆ ಹೋಗಿದ್ದೆ. ಅಮ್ಮ ಅದನ್ನು ತೆಗೆದುಕೊಂಡು ಓಡಿಬಂದಳು. ಗೇಟಿನ ಹೊರಗೆ ನಿಂತು ಆ ಧ್ವನಿಯಲ್ಲಿ ನನ್ನನ್ನು ಕೂಗಿದಳು. ಇಡೀ ಅಂಗಳ ಅವಳ ಕಡೆ ತಿರುಗಿತು. ನನ್ನ ಜೊತೆಯವಳು, "ನಿಮ್ಮಮ್ಮನಾ?" ಎಂದು ಕೇಳಿದಳು. ಅಮ್ಮ ಹತ್ತು ಅಡಿ ದೂರದಲ್ಲಿದ್ದಳು, ನನ್ನ ಮುಖವನ್ನೇ ನೋಡುತ್ತಾ ನಗುತ್ತಿದ್ದಳು. ನಾನು ತಲೆಯಾಡಿಸಿ ಹೇಳಿದೆ, "ಅದು ನಮ್ಮಮ್ಮ ಅಲ್ಲ."

ಅವಳು ಪೆಟ್ಟಿಗೆಯನ್ನು ಗೋಡೆಯ ಮೇಲಿಟ್ಟು ಹೋದಳು. ಸಂಜೆ ಏನೂ ಕೇಳಲಿಲ್ಲ. ಹೇಗೂ ಅವಳಿಗೆ ಕೇಳಿಸಿಲ್ಲ ಎಂದು ನಾನು ಧೈರ್ಯವಾಗಿ ಊಟ ಮಾಡಿದೆ. ಆಮೇಲೆ ಅವಳು ಮತ್ತೆಂದೂ ನನ್ನ ಶಾಲೆಯ ಕಡೆ ಬರಲಿಲ್ಲ. ಕೆಲಸ ಜಾಸ್ತಿ ಇರಬೇಕು ಎಂದುಕೊಂಡೆ. ಮೂವತ್ತೆಂಟು ವರ್ಷ ಹಾಗೆಯೇ ಅಂದುಕೊಂಡಿದ್ದೆ.

ಕಳೆದ ತಿಂಗಳಿಂದ ನಾನು ತುಟಿ ನೋಡಿ ಮಾತು ತಿಳಿಯುವುದನ್ನು ಕಲಿಯಲು ಹೋಗುತ್ತಿದ್ದೇನೆ. ನಿನಗೆ ಹೇಳಿದ್ದೆ. ಕ್ಲಾಸಿನಲ್ಲಿ ಹನ್ನೊಂದು ಜನ, ಎಲ್ಲರೂ ನನ್ನಂಥವರೇ. ಮೊದಲ ದಿನ ಮೇಷ್ಟರು, ಎರಡೂ ತುಟಿ ಕೂಡುವ ಶಬ್ದಗಳು ಎಲ್ಲಕ್ಕಿಂತ ಸುಲಭ ಎಂದು ಬೋರ್ಡಿನ ಮೇಲೆ ಬರೆದರು. ನಮ್ಮಿಂದ ಹತ್ತು ಅಡಿ ದೂರ ಹೋಗಿ ನಿಂತು, ಧ್ವನಿಯಿಲ್ಲದೆ ಒಂದು ಮಾತು ಹೇಳಿದರು. ಅಮ್ಮ. ಹನ್ನೊಂದು ಜನಕ್ಕೂ ಮೊದಲನೇ ಸಲಕ್ಕೇ ತಿಳಿಯಿತು. ನಾನು ಶೌಚಾಲಯಕ್ಕೆ ಹೋಗಿ ಬಾಗಿಲು ಹಾಕಿಕೊಂಡು ಕೂತೆ.

ಅವಳಿಗೆ ಗೊತ್ತಿತ್ತು ತಮ್ಮಾ. ಹದಿನೈದು ವರ್ಷದಿಂದ ತುಟಿ ನೋಡಿಯೇ ಬದುಕಿದ್ದವಳು. ಅಮ್ಮ ಎಂಬ ಶಬ್ದವನ್ನೂ ನೋಡಿದಳು, ನನ್ನ ತಲೆಯಾಟವನ್ನೂ ನೋಡಿದಳು.

ನೀನು ಒಂದು ಹೆಜ್ಜೆ ಸರಿದೆ, ವಾಪಸು ಬಂದೆ. ನಾನು ಸರಿದವಳು ಅವಳು ತೀರಿಹೋಗುವವರೆಗೂ ವಾಪಸು ಬರಲಿಲ್ಲ. ನಿನ್ನನ್ನು ಬೈಯಲು ಬಾಯಿ ತೆರೆದಾಗೆಲ್ಲ ಆ ಗೇಟು ಕಣ್ಣಿಗೆ ಬರುತ್ತಿತ್ತು.

ನಾಳೆ ಭಾನುವಾರ. ಚಿಕ್ಕಮ್ಮ ಮತ್ತೆ ಅಕ್ಕನ ವಿಷಯ ತೆಗೆಯುತ್ತಾಳೆ. ಅವಳ ಮಂಚದ ಪಕ್ಕ ಕೂತು, ಮೊದಲು ನನ್ನದನ್ನು ಹೇಳುತ್ತೇನೆ. ಅವಳು ನನ್ನನ್ನು ಎದ್ದು ಹೋಗು ಎನ್ನದಿದ್ದರೆ, ನಿನ್ನದನ್ನೂ ಹೇಳುತ್ತೇನೆ.

ಅಕ್ಕ